ಫೋಟೊ ನೋಡಿ ಹಬ್ಬದ ಹನಿಗವನ: ಕೊಡಗಿನ ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬ ಮತ್ತು ರಜೆಯ ಫೋಟೊ ಮುಂದಿಟ್ಟು ಮಕ್ಕಳಿಂದ ಮೂರು–ನಾಲ್ಕು ಸಾಲಿನ ಕವಿತೆ ಬರೆಸಲು ಹೊರಟವರಿಗೆ ಎದುರಾಗುವ ಪ್ರಶ್ನೆಗಳು ಇವು. 4ರಿಂದ 10ನೇ ತರಗತಿಯವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟು ಉತ್ತರಿಸಿದ್ದೇವೆ. ಇನ್ನೂ ಚಿಕ್ಕವರಿಗೆ ಬೇರೆಯೇ ಒಂದು ಪ್ರಶ್ನೆ ಇದೆ.

ಫೋಟೊ ಯಾಕೆ ಬೇಕು? "ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬಗ್ಗೆ ಬರೆಯಿರಿ" ಎಂದರೆ ಸಾಲದೆ?

ಸಾಲದು. ವಿಷಯ ಮಾತ್ರ ಕೊಟ್ಟರೆ ಮಕ್ಕಳಿಗೆ ಪ್ರಬಂಧ ನೆನಪಾಗುತ್ತದೆ. "ಹುತ್ತರಿ ಹಬ್ಬ ಬಂದಿದೆ, ಎಲ್ಲರಿಗೂ ಸಂತಸ ತಂದಿದೆ" ಎಂಬ ಜೋಡಿ ಸಾಲು ಹತ್ತು ಪುಸ್ತಕದಲ್ಲಿ ಹತ್ತು ಸಲ ಸಿಗುತ್ತದೆ. ಹುತ್ತರಿಯ ಜಾಗದಲ್ಲಿ ದೀಪಾವಳಿ ಎಂದು ಬರೆದರೂ ಆ ಸಾಲಿಗೆ ಏನೂ ಆಗುವುದಿಲ್ಲ. ತೊಂದರೆ ಇರುವುದು ಅಲ್ಲೇ. ಫೋಟೊ ಹಬ್ಬವನ್ನು ಒಂದು ಗಳಿಗೆಗೆ ಕಟ್ಟಿ ಹಾಕುತ್ತದೆ: ಈ ಕುಡುಗೋಲು, ಈ ಕೈ, ಈ ಟಾರ್ಚು. ಮಗು ಮೊದಲು ಕಂಡದ್ದನ್ನು ಎಣಿಸಬೇಕು, ಆಮೇಲೆ ಚೌಕಟ್ಟಿನಾಚೆ ಇರುವ ಒಂದೇ ಒಂದು ಸಂಗತಿಯನ್ನು ಸೇರಿಸಬೇಕು. ಮುಂದೆ ಹೇಳುವ ಎಲ್ಲ ಹಂತಗಳೂ ಇದಕ್ಕಾಗಿಯೇ.

ಎಂಥ ಫೋಟೊ ಆರಿಸಬೇಕು?

ಕ್ಯಾಲೆಂಡರಿನಲ್ಲಿ ಹಾಕುವಂಥದ್ದು ಬೇಡ. ಮಾಂದಲಪಟ್ಟಿಯ ಮಂಜು, ರಾಜಾಸೀಟಿನ ಸೂರ್ಯಾಸ್ತ, ಅಬ್ಬಿ ಜಲಪಾತ ತೋರಿಸಿದರೆ ಪ್ರವಾಸೋದ್ಯಮದ ಜಾಹೀರಾತು ಬರುತ್ತದೆ, "ಕೊಡಗಿನ ಸೊಬಗು" ಎಂಬ ಪದ ತಾನಾಗಿ ಸಾಲಿನ ತುದಿಗೆ ಬಂದು ಕೂರುತ್ತದೆ. ಆ ಫೋಟೊಗಳು ಆಗಲೇ ಮುಗಿದ ವಾಕ್ಯಗಳು. ಮಗುವಿಗೆ ಸೇರಿಸಲು ಏನೂ ಉಳಿದಿಲ್ಲ.

ಕೆಲಸಕ್ಕೆ ಬರುವ ಫೋಟೊದಲ್ಲಿ ಮೂರು ಗುಣ ಇರುತ್ತವೆ. ಹೆಸರಿಟ್ಟು ಹೇಳಬಹುದಾದ ಐದಾರು ವಸ್ತುಗಳಿರಬೇಕು. ಯಾರೋ ಏನೋ ಮಾಡುತ್ತಿರಬೇಕು, ಅಥವಾ ಈಗಷ್ಟೇ ಮಾಡಿ ಎದ್ದು ಹೋದ ಗುರುತಿರಬೇಕು. ಜೊತೆಗೆ ಒಂದು ಪ್ರಶ್ನೆ ಉಳಿಯಬೇಕು. ತಂಬಿಟ್ಟು ನಾದುತ್ತಿರುವ ಕೈ (ಮುಖ ಕಾಣದಿದ್ದರೆ ಇನ್ನೂ ಒಳ್ಳೆಯದು), ಕೋಲಾಟ ಮುಗಿದ ಮೇಲಿನ ಖಾಲಿ ಮಂದ್ (ಊರಿನ ಆಟದ ಬಯಲು), ದಸರಾ ಮೆರವಣಿಗೆಯ ಮಂಟಪದ ಮಿಂಚುವ ಬೊಂಬೆಯ ಕೆಳಗೆ ಕಾಣುವ ಟ್ರ್ಯಾಕ್ಟರ್ ಚಕ್ರ, ಮಳೆ ರಜೆ ಸಿಕ್ಕ ದಿನ ಶಾಲೆಯ ಜಗಲಿಯಲ್ಲಿ ಸಾಲಾಗಿ ಒಣಗುತ್ತಿರುವ ಕೊಡೆಗಳು. ನಗುತ್ತಾ ಸಾಲಾಗಿ ನಿಂತ ಕುಟುಂಬದ ಗುಂಪು ಫೋಟೊ ಮಾತ್ರ ಕೈಕೊಡುತ್ತದೆ. ಎಲ್ಲರೂ ಕ್ಯಾಮೆರಾ ನೋಡುತ್ತಾ ನಿಂತಿರುವುದರಿಂದ ಅಲ್ಲಿ ಕ್ರಿಯಾಪದವೇ ಸಿಗುವುದಿಲ್ಲ.

ಇರುವ ಫೋಟೊ ತೀರಾ ಗಿಜಿಗಿಜಿಯಾಗಿದ್ದರೆ ಬಿಸಾಡಬೇಡಿ. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯಿಂದ ಎಲ್ (L) ಆಕಾರದ ಎರಡು ತುಂಡು ಕತ್ತರಿಸಿ; ಒಂದೊಂದು ತೋಳು 6 ಇಂಚು ಉದ್ದ, ಒಂದೂವರೆ ಇಂಚು ಅಗಲ ಇರಲಿ. ಎರಡನ್ನೂ ಎದುರುಬದುರು ಇಟ್ಟು ಸರಿಸಿದರೆ ಬೇಕಾದಷ್ಟು ದೊಡ್ಡ ಕಿಟಕಿ ಸಿಗುತ್ತದೆ. ಮಗು ತನ್ನ ಕಿಟಕಿಯನ್ನು ತಾನೇ ಆರಿಸಲಿ. ಮಡಿಕೇರಿ ದಸರಾದ ದಶಮಂಟಪ ಮೆರವಣಿಗೆಯ ಫೋಟೊವೊಂದರಲ್ಲಿ ಮಂಟಪವನ್ನೆಲ್ಲ ಮುಚ್ಚಿ, ಮೂಲೆಯಲ್ಲಿ ಅಪ್ಪನ ಹೆಗಲ ಮೇಲೆ ಮಲಗಿದ ಮಗುವನ್ನಷ್ಟೇ ಉಳಿಸಿದರೆ ಇಂಥದ್ದೊಂದು ಹುಟ್ಟಬಹುದು:

ಅಪ್ಪನ ಭುಜ
ಮಹಿಷ ಸಾಯುವಾಗ
ನಿದ್ದೆ ಬಂದಿತ್ತು

ಪ್ರೊಜೆಕ್ಟರಿನಲ್ಲಿ ತೋರಿಸುವುದೇ ಮುದ್ರಿಸುವುದೇ?

ಮುದ್ರಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಕರೆಂಟಿನ ಪಾಡು ಎಲ್ಲರಿಗೂ ಗೊತ್ತು. ಅದೂ ಅಲ್ಲದೆ, ಪರದೆಯ ಮೇಲಿನ ಚಿತ್ರವನ್ನು ಎಲ್ಲರೂ ಒಟ್ಟಿಗೆ ನೋಡುವಾಗ ಮೊದಲು ಬಾಯಿ ಬಿಟ್ಟವನ ಮಾತು ಇಡೀ ತರಗತಿಯ ಕವಿತೆಯಾಗಿಬಿಡುತ್ತದೆ.

ನಾಲ್ಕು ಮಕ್ಕಳಿಗೆ ಒಂದು ಫೋಟೊ, 40 ಮಕ್ಕಳಿಗೆ ಹತ್ತು. ಅಳತೆ ಎ4 ಹಾಳೆಯ ಅರ್ಧ ಇದ್ದರೆ ಸಾಕು. 4×6 ಇಂಚಿನ ಸ್ಟುಡಿಯೊ ಪ್ರತಿಯನ್ನು ಇಬ್ಬರಷ್ಟೇ ನೋಡಬಹುದು. ಇಂಕ್‌ಜೆಟ್ ಪ್ರತಿ ಮಳೆಗಾಲದ ಒದ್ದೆ ಬೆರಳಿಗೆ ಹರಡುತ್ತದೆ, ಲೇಸರ್ ಪ್ರತಿ ತಡೆದುಕೊಳ್ಳುತ್ತದೆ. ಲ್ಯಾಮಿನೇಶನ್ ಮಾಡಿಸಿದರೆ ಟ್ಯೂಬ್‌ಲೈಟ್ ಅದರಲ್ಲಿ ಹೊಳೆದು ಅರ್ಧ ಚಿತ್ರ ಕಾಣದು. ಮ್ಯಾಟ್ ಹಾಳೆ ಕೇಳಿ. ಎತ್ತಿಡುವಾಗ ಎರಡು ಫೋಟೊ ನಡುವೆ ಒಂದೊಂದು ವೃತ್ತಪತ್ರಿಕೆ ತುಂಡು ಇಡದಿದ್ದರೆ ಆಗಸ್ಟ್ ಹೊತ್ತಿಗೆ ಅಂಟಿಕೊಂಡು ಬೂಸ್ಟು ಹಿಡಿಯುತ್ತವೆ. ಕಪ್ಪುಬಿಳುಪು ಜೆರಾಕ್ಸ್ ಮಾಡಿಸುವುದಾದರೆ ಬೆಳಕು–ನೆರಳು ಎದ್ದು ಕಾಣುವ ಚಿತ್ರ ಆರಿಸಿ. ರಾತ್ರಿಯ ಫೋಟೊ ಜೆರಾಕ್ಸಿನಲ್ಲಿ ಬರೀ ಮಸಿ.

ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸಿಕೊಳ್ಳುವಾಗ 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿ. ಮಾಮೂಲಿನಂತೆ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುತ್ತದೆ, ಮುದ್ರಿಸಿದಾಗ ಮುಖವೆಲ್ಲ ಚೌಕಚೌಕ.

40 ನಿಮಿಷದ ಪೀರಿಯಡ್‌ನಲ್ಲಿ ಮುಗಿಸುವುದು ಹೇಗೆ?

ಮೊದಲ 3 ನಿಮಿಷ ಯಾರೂ ಮಾತಾಡಬಾರದು, ಪೆನ್ನು ಕೆಳಗೆ. ನೋಡುವುದಷ್ಟೇ. ಈ 3 ನಿಮಿಷವನ್ನು ಕತ್ತರಿಸಿದರೆ ಉಳಿದದ್ದೆಲ್ಲ ಕೆಡುತ್ತದೆ.

ನಂತರ 6 ನಿಮಿಷ ಪಟ್ಟಿ: ಕಣ್ಣಿಗೆ ಕಾಣುವ ಏಳು ವಸ್ತು, ಮೂರು ಕೆಲಸ. "ಹಬ್ಬ", "ಸಂಭ್ರಮ" ಪಟ್ಟಿಗೆ ಬರುವಂತಿಲ್ಲ, ಯಾಕೆಂದರೆ ಅವನ್ನು ಬೆರಳಿಟ್ಟು ತೋರಿಸಲಾಗದು. "ಎಲೆ" ಎಂದು ಬರೆದವರನ್ನು ಯಾವ ಎಲೆ ಎಂದು ಕೇಳಿ. ಹುತ್ತರಿಯ ನೆರೆ (ಹಬ್ಬದ ಎಲೆಗಳ ಕಟ್ಟು) ಕಟ್ಟುವ ಫೋಟೊ ಆದರೆ ಅಶ್ವತ್ಥ, ಮಾವು, ಹಲಸು ಎಂದು ಹೇಳುವ ಮಗು ಪ್ರತಿ ತರಗತಿಯಲ್ಲೂ ಒಂದಾದರೂ ಇರುತ್ತದೆ.

ಆಮೇಲೆ 4 ನಿಮಿಷ ಫೋಟೊ ಕವುಚಿ ಹಾಕಿ ಮೂರು ಪ್ರಶ್ನೆ: ಈ ಫೋಟೊದಲ್ಲಿ ಏನು ಕೇಳಿಸುತ್ತಿತ್ತು? ಏನು ವಾಸನೆ ಇತ್ತು? ಕ್ಯಾಮೆರಾ ಹಿಡಿದವರ ಬೆನ್ನ ಹಿಂದೆ ಏನಿತ್ತು? ಮೂರನೆಯದೇ ಮುಖ್ಯ. ಕೊನೆಯ ಸಾಲು ಬಹಳ ಸಲ ಅಲ್ಲಿಂದಲೇ ಬರುತ್ತದೆ.

12 ನಿಮಿಷ ಬರವಣಿಗೆ. ಪಟ್ಟಿಯಿಂದ ಎರಡು ವಸ್ತು, ಒಂದು ಕೆಲಸ. ಕವುಚಿದ ಹೊತ್ತಿನಿಂದ ಒಂದು ಸಂಗತಿ. ಒಟ್ಟು ನಾಲ್ಕು ಸಾಲು ಮೀರಬಾರದು. 5 ನಿಮಿಷ ಅಳಿಸುವುದು: ಕನಿಷ್ಠ ಮೂರು ಪದ ತೆಗೆಯಲೇಬೇಕು. ಉಳಿದ 10 ನಿಮಿಷ ಗಟ್ಟಿಯಾಗಿ ಓದುವುದು. ಎಲ್ಲರಿಗೂ ಸಮಯ ಸಿಗದು, ಸಿಗದವರಿಂದ ಮರುದಿನ ಓದು ಆರಂಭಿಸಿ.

ಮೊದಲಿನ ಆ "ಸಂತಸ ತಂದಿದೆ" ಜೋಡಿ ಈ ದಾರಿ ಹಿಡಿದು ಬಂದರೆ ಹೀಗಾಗಬಹುದು:

ಕದಿರು ಕುಯ್ದರು.
ಟಾರ್ಚು ಹಿಡಿದ ನನ್ನ ಕೈ ನಡುಗಿ
ಗದ್ದೆ ತುಂಬ
ಬೆಳಕು ಓಡಾಡಿತು.

ಚಳಿ ಎಂಬ ಪದ ಎಲ್ಲೂ ಇಲ್ಲ, ಆದರೂ ಚಳಿ ಇದೆ. ತರಗತಿಯಲ್ಲಿ ಇದನ್ನು ವಿವರಿಸಲು ಹೋಗಬೇಡಿ. ಎರಡನ್ನೂ ಒಂದರ ಪಕ್ಕ ಒಂದು ಬೋರ್ಡಿನ ಮೇಲೆ ಬರೆದು ಯಾವುದರಲ್ಲಿ ಚಳಿ ಆಗುತ್ತದೆ ಎಂದು ಕೇಳಿದರೆ ಸಾಕು.

"ಸುಂದರ", "ಮನಮೋಹಕ" ಬಿಡಿಸುವುದು ಹೇಗೆ?

ಬೋರ್ಡಿನ ಮೂಲೆಯಲ್ಲಿ ಐದು ಪದ ಬರೆದು ಅಡ್ಡಗೆರೆ ಎಳೆಯಿರಿ: ಸುಂದರ, ಸಂತಸ, ಸಡಗರ, ಸಂಭ್ರಮ, ಮನಮೋಹಕ. ಇವತ್ತು ಒಂದು ದಿನಕ್ಕೆ ಇವುಗಳಿಗೆ ರಜೆ. ಮಕ್ಕಳು ನಗುತ್ತಾರೆ, ಆಮೇಲೆ "ಚಂದ" ಎಂದು ಬರೆದು ತರುತ್ತಾರೆ. ಅದನ್ನೂ ಸೇರಿಸಿ.

ಯಾವ ಪ್ರಕಾರ? ಹನಿಗವನವೇ, ಚುಟುಕವೇ, ಹಾಯ್ಕುವೇ?

ಮೊದಲ ಸಲಕ್ಕೆ ಪ್ರಾಸವಿಲ್ಲದ ಹನಿಗವನ. ಪ್ರಾಸ ಹುಡುಕಲು ಹೊರಟ ಮಗು ಫೋಟೊ ನೋಡುವುದನ್ನು ಬಿಡುತ್ತದೆ. ಹಬ್ಬಕ್ಕೆ "ಕಬ್ಬ" ಸಿಕ್ಕಿದರೆ ಗದ್ದೆಯಲ್ಲಿಲ್ಲದ ಕಬ್ಬು ಕವಿತೆಯೊಳಗೆ ಬೆಳೆಯುತ್ತದೆ.

ತಮಾಷೆಯ ಫೋಟೊ ಆದರೆ ಚುಟುಕ ಹಿಡಿಸುತ್ತದೆ. ದಿನಕರ ದೇಸಾಯಿಯವರು ಮನೆಮಾತಾಗಿಸಿದ ಈ ಪ್ರಕಾರದಲ್ಲಿ ನಾಲ್ಕು ಸಾಲು, ಎರಡೆರಡು ಸಾಲಿಗೆ ಅಂತ್ಯಪ್ರಾಸ, ಕೊನೆಗೊಂದು ಚುರುಕು. ಕಕ್ಕಡ 18ರಂದು, ಅಂದರೆ ಕೊಡವರ ಕಕ್ಕಡ ತಿಂಗಳ 18ನೇ ದಿನ, ಮಾಡುವ ಮದ್ದುಸೊಪ್ಪಿನ ಪಾಯಸದ ನೇರಳೆ ಬಣ್ಣದ ಫೋಟೊ ಇದಕ್ಕೆ ಹೇಳಿ ಮಾಡಿಸಿದ್ದು. ಆ ಪಾಯಸ ಕುಡಿದ ಮೇಲೆ ಮೂತ್ರ ಕೆಂಪಾಗುವುದು ಮಕ್ಕಳಿಗೆಲ್ಲ ಗೊತ್ತು, ಆದರೆ ಶಾಲೆಯಲ್ಲಿ ಬರೆಯಬಹುದು ಎಂದು ಗೊತ್ತಿಲ್ಲ.

ಅಜ್ಜಿ ಬಡಿಸಿದ್ದು ನೇರಳೆ ಪಾಯಸ,
ಎರಡನೇ ಲೋಟಕ್ಕೂ ಪಡಲಿಲ್ಲ ಆಯಾಸ.
ಬೆಳಿಗ್ಗೆ ಬಚ್ಚಲಿಂದ ತಮ್ಮನ ಕೂಗು:
"ಅಮ್ಮಾ, ಕೆಂಪು! ಬೇಗ ಬಂದು ಹೋಗು!"

ಜಪಾನಿನಿಂದ ಬಂದ, 5–7–5 ಎಣಿಕೆಯ ಮೂರು ಸಾಲಿನ ಹಾಯ್ಕು 7ನೇ ತರಗತಿಯ ನಂತರ ಇರಲಿ. ತ್ರಿಪದಿ ಕೇಳುವವರೂ ಇದ್ದಾರೆ. ಅದಕ್ಕೆ ಹನ್ನೊಂದು ಅಂಶಗಣ (ಲಯದ ಅಳತೆಯ ಅಕ್ಷರಗುಂಪು), ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡಿ ಹಾಡಿ ಕಿವಿಗೆ ಬಂದಿದ್ದರೆ ಮಾತ್ರ ಕೈ ಹಾಕಿ, ಒಂದು ಪೀರಿಯಡ್‌ನ ಕೆಲಸವಲ್ಲ.

ಹಾಯ್ಕುವಿನ 5–7–5 ಕನ್ನಡದಲ್ಲಿ ಎಣಿಸುವುದು ಹೇಗೆ?

ಅಕ್ಷರ ಎಣಿಸಿ, ಮಾತ್ರೆಯಲ್ಲ. ಒತ್ತಕ್ಷರ ಅದು ಕೂತಿರುವ ಅಕ್ಷರದ ಜೊತೆಗೇ ಒಂದು: "ಹುತ್ತರಿ" ಮೂರು, "ಕೊಡೆಗಳು" ನಾಲ್ಕು. ಕೊನೆಯ ಅರ್ಧಾಕ್ಷರ ಲೆಕ್ಕಕ್ಕಿಲ್ಲ, ಹಾಗಾಗಿ "ಬಸ್" ಒಂದು, "ಬಸ್ಸು" ಎರಡು. ಒಂದಕ್ಷರ ಕಡಿಮೆ ಬಿದ್ದಾಗ ಈ ಉಕಾರ ಆಪದ್ಬಾಂಧವ.

ಜಗಲಿ ಮೇಲೆ
ಒಂಬತ್ತು ಕೊಡೆಗಳು
ಒಂಟಿ ಚಪ್ಪಲಿ

ಎಣಿಕೆ ಸರಿ ಮಾಡಲು "ಬಹಳ", "ತುಂಬಾ", "ನೋಡು" ತುರುಕುವುದು ಸಾಮಾನ್ಯ ತಪ್ಪು. ಹಾಗೆ ಮಾಡುವುದಕ್ಕಿಂತ 5–6–5 ಇರಲಿ ಬಿಡಿ. ಎಣಿಕೆಗಿಂತ ಮುಖ್ಯವಾದದ್ದು ಎರಡು ಚಿತ್ರಗಳ ನಡುವಿನ ಜಿಗಿತ: ಮೇಲೆ ಕೊಡೆಗಳಿಂದ ಒಂಟಿ ಚಪ್ಪಲಿಗೆ ಕಣ್ಣು ಹಾರುತ್ತದೆಯಲ್ಲ, ಅದು.

ಯಾವ ಹಬ್ಬಕ್ಕೆ ಯಾವ ಫೋಟೊ?

ಕೈಲ್ ಮುಹೂರ್ತ (ಕೈಲ್‌ಪೊಳ್ದ್, ಆಯುಧಗಳ ಹಬ್ಬ), ತುಲಾ ಸಂಕ್ರಮಣ (ಕಾವೇರಿ ಸಂಕ್ರಮಣ), ಹುತ್ತರಿ, ಈ ಮೂರಕ್ಕೂ ಕೊಡಗಿಗೆ ಮಾತ್ರ ಸ್ಥಳೀಯ ರಜೆ ಇರುವುದರಿಂದ ಇಲ್ಲಿಂದ ಆರಂಭಿಸುವುದು ಸುಲಭ.

ಸೆಪ್ಟೆಂಬರ್ ಆರಂಭದ ಕೈಲ್‌ಪೊಳ್ದ್ ಎಂದರೆ ಫೋಟೊದಲ್ಲಿ ಕೋವಿ ಬಂದೇ ಬರುತ್ತದೆ. ಆಯುಧ ಪೂಜೆಯ ಸಾಲಿನಲ್ಲಿ ಇಟ್ಟ ಕೋವಿ ಪರವಾಗಿಲ್ಲ, ಮಕ್ಕಳ ಕೈಯಲ್ಲಿರುವ ಕೋವಿಯ ಫೋಟೊ ತರಗತಿಗೆ ಬೇಡ. ಕೋವಿ ಕಂಡ ತಕ್ಷಣ ಹುಡುಗರು ಸಿನಿಮಾ ಬರೆಯುತ್ತಾರೆ. ಅದಕ್ಕಿಂತ ಕೋವಿಗೆ ಸಿಕ್ಕಿಸಿದ ತೋಕ್ ಪೂ ಹತ್ತಿರದಿಂದ ತೆಗೆದ ಚಿತ್ರ, ಅಥವಾ ಕಡಂಬುಟ್ಟಿನ (ಅಕ್ಕಿ ಕಡುಬಿನ) ಹಬೆ. ಒಂದು ಎಚ್ಚರಿಕೆ: ತೋಕ್ ಪೂ, ಅಂದರೆ ಅಗ್ನಿಶಿಖೆ, ಬೇರುಗೆಡ್ಡೆಯಿಂದ ಹೂವಿನವರೆಗೆ ವಿಷ. ಫೋಟೊದಲ್ಲಿ ಚಂದ ಎಂದು ಮಕ್ಕಳಿಂದ ನಿಜವಾದ ಹೂ ತರಿಸಬೇಡಿ.

ಅಕ್ಟೋಬರ್ ಮಧ್ಯದ ಕಾವೇರಿ ಸಂಕ್ರಮಣಕ್ಕೆ ತಲಕಾವೇರಿಯ ಜನಜಂಗುಳಿಗಿಂತ ಮನೆಯ ಕಣಿಪೂಜೆ ಮೇಲು: ಕೆಂಪು ರೇಷ್ಮೆ ಸುತ್ತಿ ಒಡವೆ ತೊಡಿಸಿದ ತೆಂಗಿನಕಾಯಿ, ಅಕ್ಕಿ, ದೀಪ. ವಸ್ತುಗಳ ಪಟ್ಟಿ ಫೋಟೊದಲ್ಲೇ ತಯಾರಾಗಿದೆ. ತೀರ್ಥ ತುಂಬಿ ತಂದ ಪ್ಲಾಸ್ಟಿಕ್ ಬಾಟಲಿಯ ಫೋಟೊವೂ ಒಳ್ಳೆಯ ಕವಿತೆ ಕೊಡುತ್ತದೆ, ನಗಬೇಡಿ.

ಮಡಿಕೇರಿ ದಸರಾಕ್ಕೆ ಎರಡು ಬಗೆ. ಪಂಪಿನಕೆರೆಯಿಂದ ನಾಲ್ಕು ಶಕ್ತಿದೇವತೆಗಳ ಕರಗ ಹೊರಡುವ ಸಂಜೆ ಒಂದು, ವಿಜಯದಶಮಿಯ ರಾತ್ರಿಯಿಡೀ ನಡೆಯುವ ಮಂಟಪಗಳು ಇನ್ನೊಂದು. ಮೂರನೆಯದನ್ನೂ ಹುಡುಕಿ: ಮರುದಿನ ಬೆಳಿಗ್ಗೆ ರಸ್ತೆ ಗುಡಿಸುತ್ತಿರುವುದು. ದೊಡ್ಡ ಮಕ್ಕಳು ಅದರಿಂದಲೇ ಹೆಚ್ಚು ಬರೆಯುತ್ತಾರೆ.

ಹುತ್ತರಿಗೆ ಮುಹೂರ್ತ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ನಿಗದಿಯಾಗುತ್ತದೆ: ನೆರೆ ಕಟ್ಟಲು, ಕದಿರು ಕುಯ್ಯಲು, ಪ್ರಸಾದ ಭೋಜನಕ್ಕೆ ಬೇರೆ ಬೇರೆ ಗಳಿಗೆ. ಮೂರು ಗಳಿಗೆ ಎಂದರೆ ಮೂರು ಫೋಟೊ, ಗುಂಪುಗಳಿಗೆ ಹಂಚಿ. ಕದಿರು ಕುಯ್ಯುವಾಗಿನ "ಪೊಲಿ ಪೊಲಿಯೇ ದೇವಾ" (ಹೆಚ್ಚಲಿ ದೇವಾ) ಎಂಬ ಕೂಗು ಫೋಟೊದಲ್ಲಿ ಕಾಣುವುದಿಲ್ಲ. ಕವುಚಿ ಹಾಕಿದ ಹೊತ್ತಿನಲ್ಲಿ ಅದು ಬರುತ್ತದೋ ನೋಡಿ.

ಕ್ರಿಸ್‌ಮಸ್ ಹೊತ್ತಿಗೆ ತೋಟದಲ್ಲಿ ಕಾಫಿ ಕೊಯ್ಲು. ಕಣದಲ್ಲಿ ಹರವಿದ ಹಣ್ಣಿನ ಅಂಚಿನಲ್ಲಿ ತೂಗುವ ಕಾಗದದ ನಕ್ಷತ್ರ ಸಿಕ್ಕರೆ ಬಿಡಬೇಡಿ. ಬೇಸಿಗೆ ರಜೆಗೆ ಕಾಫಿ ಹೂ. ಮಳೆ ಬಿದ್ದು ವಾರ–ಹತ್ತು ದಿನಕ್ಕೆ ಅರಳಿ ಎರಡು ಮೂರು ದಿನದಲ್ಲಿ ಕಂದುತ್ತದೆ, ಕಾದು ಕೂತು ತೆಗೆಯಬೇಕು.

ಹುತ್ತರಿ ಆಚರಿಸದ ಮಕ್ಕಳು ಏನು ಬರೆಯಬೇಕು?

ನಮ್ಮ ತರಗತಿಗಳಲ್ಲಿ ಕೊಡವ ಒಕ್ಕದ (ಮನೆತನದ) ಮಕ್ಕಳಿದ್ದಾರೆ, ಅರೆಭಾಷೆಯವರಿದ್ದಾರೆ, ಯರವ–ಕುರುಬ ಹಾಡಿಗಳಿಂದ ಬರುವವರಿದ್ದಾರೆ, ತೋಟದ ಲೈನ್ ಮನೆಗಳಲ್ಲಿ ಇರುವ ತಮಿಳು ಮತ್ತು ಅಸ್ಸಾಮಿ ಕಾರ್ಮಿಕರ ಮಕ್ಕಳಿದ್ದಾರೆ. "ನಿಮ್ಮ ಮನೆ ಹುತ್ತರಿ ಬಗ್ಗೆ" ಎಂದರೆ ಅರ್ಧ ಜನ ತಲೆ ತಗ್ಗಿಸುತ್ತಾರೆ. ಅದಕ್ಕೇ ಫೋಟೊ ಆರಿಸುವಾಗ ವಿಧಿಗಿಂತ ಕೆಲಸ, ಕಾಯುವುದು, ದಾರಿ, ಅಡುಗೆ ಇರುವ ಚಿತ್ರ ತೆಗೆದುಕೊಳ್ಳಿ. ಗದ್ದೆಯಂಚಿನಲ್ಲಿ ನಿಂತು ನೋಡುತ್ತಿರುವವರೂ ಫೋಟೊದೊಳಗೇ ಇರಲಿ. ನೋಡುವವರ ಕವಿತೆ ಆಡುವವರ ಕವಿತೆಗಿಂತ ಕಡಿಮೆಯದಲ್ಲ. ಹತ್ತರಲ್ಲಿ ಮೂರು ಫೋಟೊ ಓಣಂ, ಬಕ್ರೀದ್, ಬಿಹು, ಕ್ರಿಸ್‌ಮಸ್‌ನದ್ದಾಗಿರಲಿ. ಯಾವುದೂ ಒಗ್ಗದವರಿಗೆ ಮಳೆ ರಜೆಯ ಕೊಡೆಗಳು ಇದ್ದೇ ಇವೆ. ಆ ಹಬ್ಬ ಎಲ್ಲರದ್ದೂ.

ಕೊಡವ ತಕ್ಕ್, ಅರೆಭಾಷೆ, ಯರವ ಪದ ಬಂದರೆ ತಿದ್ದಬೇಕೆ?

ಬೇಡ. "ನೆರೆ", "ಮಂದ್", "ಕನ್ನಿಕೊಂಬರೆ" (ಮೂಲಮನೆಯ ಪೂಜೆಯ ಕೋಣೆ) ಪದಗಳಿಗೆ ಕನ್ನಡದ ಬದಲಿ ಹಾಕಿದರೆ ವಸ್ತುವೇ ಮಾಯವಾಗುತ್ತದೆ. ಪಕ್ಕದಲ್ಲಿ ಅರ್ಥ ಬರೆಸಲೂ ಬೇಡಿ, ಸಾಲೇ ಅರ್ಥ ಕೊಡುವಂತೆ ಇನ್ನೊಂದು ಪದ ಸೇರಿಸಲಿ. ಕೊಡವ ತಕ್ಕ್‌ನ ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ಕೇಳಿಸಿದ್ದಕ್ಕೆ ಹತ್ತಿರವಾಗಿ ಬರೆಯಲಿ. ಒಂದೇ ಪದವನ್ನು ಇಬ್ಬರು ಎರಡು ರೀತಿ ಬರೆದರೂ ತಪ್ಪೆನ್ನಬೇಡಿ.

ಮಕ್ಕಳೇ ಫೋಟೊ ತೆಗೆಯಬಹುದೆ?

ರಜೆಯಲ್ಲಿ ಮನೆಯವರ ಫೋನಿನಲ್ಲಿ ತೆಗೆಯಲಿ. ಪ್ರತಿಯೊಬ್ಬರಿಗೂ ಐದೇ ಫೋಟೊ ಎಂದು ಮಿತಿ ಹಾಕಿ, ಇಲ್ಲದಿದ್ದರೆ ಇನ್ನೂರು ತೆಗೆದು ಒಂದನ್ನೂ ನೋಡುವುದಿಲ್ಲ.

ಇಲ್ಲಿನ ಹವೆಗೆ ಲೆನ್ಸ್ ಮೇಲೆ ಸದಾ ತೇವ. ಹತ್ತಿ ಬಟ್ಟೆಯಿಂದ ಒರೆಸಿಯೇ ತೆಗೆಯಬೇಕು, ಚಿತ್ರ ಮಸುಕಾಗಲು ಹತ್ತರಲ್ಲಿ ಎಂಟು ಸಲ ಅದೇ ಕಾರಣ. ಮಂಜಿನಲ್ಲಿ ಫೋನು ಬೆಳಕನ್ನು ತಾನೇ ಇಳಿಸಿ ಎಲ್ಲವನ್ನೂ ಬೂದು ಮಾಡುತ್ತದೆ. ಪರದೆ ಒತ್ತಿ ಹಿಡಿದು ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ರಾತ್ರಿ ಮಂಟಪದ ಮುಂದೆ ಇದರ ತಿರುಗು ಮುರುಗು, ಬೆಳಕನ್ನು ಇಳಿಸದಿದ್ದರೆ ದೀಪಗಳೆಲ್ಲ ಬಿಳಿ ಉಂಡೆ. ಎಲ್‌ಇಡಿ ದೀಪದಲ್ಲಿ ಅಡ್ಡಪಟ್ಟಿ ಬಿದ್ದರೆ ಬೇರೆ ಕೋನದಿಂದ ಇನ್ನೊಂದೆರಡು ತೆಗೆದು ನೋಡಿ. ಹುತ್ತರಿಯ ಹುಣ್ಣಿಮೆ ಚಂದ್ರ ಫೋನಿನಲ್ಲಿ ಬಿಳಿ ಚುಕ್ಕಿಯಷ್ಟೇ. ಚಂದ್ರನನ್ನು ಬಿಟ್ಟು ಅದರ ಬೆಳಕು ಬಿದ್ದದ್ದನ್ನು ಹಿಡಿಯಲಿ.

ಐನ್‌ಮನೆಯ (ಕುಟುಂಬದ ಮೂಲಮನೆಯ) ಕೈಯಾಲೆಯಲ್ಲಿ, ಅಂದರೆ ಜಗಲಿಯಲ್ಲಿ, ತೂಗುಹಾಕಿದ ಹಳೆಯ ಫೋಟೊಗಳು ಚಿನ್ನದ ಗಣಿ: ಕುಪ್ಯ (ನಿಲುವಂಗಿ), ಚೇಲೆ (ನಡುಪಟ್ಟಿ), ಪೀಚೆಕತ್ತಿ (ಕಿರುಗತ್ತಿ) ತೊಟ್ಟವರ ಗಂಭೀರ ಮುಖಗಳು. ಗಾಜಿನ ಮೇಲೆ ಫ್ಲ್ಯಾಶ್ ಹಾಕಬೇಡಿ. ಕಿಟಕಿ ಪಕ್ಕಕ್ಕಿರುವಂತೆ ನಿಂತು, ಫೋನನ್ನು ಸ್ವಲ್ಪ ಓರೆ ಹಿಡಿಯಿರಿ. ಗಾಜಿನಲ್ಲಿ ತೆಗೆಯುವವರ ನೆರಳು ಬಿದ್ದಿದ್ದರೆ ಅದನ್ನೂ ಇಟ್ಟುಕೊಳ್ಳಬಹುದು. ಕವಿತೆಗೆ ಅದು ಲಾಭ.

ಅನುಮತಿ, ಎಚ್ಚರಿಕೆ?

ಮುಖ ಗುರುತು ಸಿಗುವ ಫೋಟೊ ಆದರೆ ಆ ಮನೆಯವರನ್ನು ಕೇಳಲೇಬೇಕು. ಮಕ್ಕಳ ಮುಖವಿದ್ದರೆ ಪೋಷಕರ ಒಪ್ಪಿಗೆ ಬರವಣಿಗೆಯಲ್ಲಿ. ಗರ್ಭಗುಡಿಯ ಫೋಟೊ ಬೇಡ. ಅಂತರ್ಜಾಲದಲ್ಲಿ ಸಿಕ್ಕಿತೆಂದು ಯಾರದೋ ಚಿತ್ರವನ್ನು ಶಾಲಾ ಸಂಚಿಕೆಯಲ್ಲಿ ಹಾಕಬೇಡಿ.

ಇನ್ನೊಂದು: ಮಳೆಯ ಫೋಟೊ ಎಂದು ಕುಸಿದ ಗುಡ್ಡ, ಕೊಚ್ಚಿ ಹೋದ ರಸ್ತೆ ತೋರಿಸಬೇಡಿ. 2018ರ ಆಗಸ್ಟ್‌ನಲ್ಲಿ ಮನೆ ಕಳೆದುಕೊಂಡ ಕುಟುಂಬಗಳ ಮಕ್ಕಳು ಇಂದಿಗೂ ನಮ್ಮ ಬೆಂಚುಗಳಲ್ಲಿದ್ದಾರೆ. ಅವರಾಗಿ ಬರೆದರೆ ಬರೆಯಲಿ, ಗಟ್ಟಿಯಾಗಿ ಓದಲು ಒತ್ತಾಯ ಬೇಡ.

1ರಿಂದ 3ನೇ ತರಗತಿಯವರಿಗೆ?

ಬಾಯಲ್ಲಿ. ಇಡೀ ತರಗತಿಗೆ ಒಂದೇ ದೊಡ್ಡ ಫೋಟೊ, ಒಬ್ಬೊಬ್ಬರು ಒಂದು ಪದ, ಶಿಕ್ಷಕರು ಬೋರ್ಡಿನಲ್ಲಿ ಬರೆಯುವುದು. ಹತ್ತು ನಿಮಿಷಕ್ಕೆ ನಿಲ್ಲಿಸಿ.

ಮನೆಗೆಲಸವಾಗಿ ಕೊಟ್ಟರೆ ಫೋನಿನಲ್ಲಿ ಬರೆಸಿ ತರುತ್ತಾರಲ್ಲ?

ತರುತ್ತಾರೆ, ಇಲ್ಲವೇ ಅಕ್ಕ ಬರೆದು ಕೊಡುತ್ತಾಳೆ. ಮನೆಗೆ ಫೋಟೊ ತೆಗೆಯುವ ಕೆಲಸ ಮಾತ್ರ ಕೊಟ್ಟು ಬರವಣಿಗೆಯನ್ನು ತರಗತಿಯಲ್ಲೇ ಇಟ್ಟುಕೊಳ್ಳಿ. ಪಟ್ಟಿಯ ಹಾಳೆಯನ್ನೂ ಕವಿತೆಯ ಜೊತೆ ಪಿನ್ ಮಾಡಿಸಿ.

ಅಂಕ ಕೊಡುವುದು ಹೇಗೆ?

ಐದು ಅಂಕ ಎಂದಿಟ್ಟುಕೊಂಡರೆ: ಬೆರಳಿಟ್ಟು ತೋರಿಸಬಹುದಾದ ವಸ್ತುವಿಗೆ 1, ಜೀವವಿರುವ ಕ್ರಿಯಾಪದಕ್ಕೆ 1, ಫೋಟೊದಲ್ಲಿಲ್ಲದ ಸಂಗತಿಗೆ 2, ಅಳಿಸಿ ತಿದ್ದಿದ ಗುರುತಿಗೆ 1. ಪ್ರಾಸಕ್ಕೆ ಅಂಕವಿಲ್ಲ. ಕಾಗುಣಿತವನ್ನು ಗೋಡೆಗೆ ಹಚ್ಚುವ ಪ್ರತಿಯಲ್ಲಿ ತಿದ್ದಿ, ಮೊದಲ ಕರಡಿನಲ್ಲಿ ಕೆಂಪು ಶಾಯಿ ಕಂಡರೆ ಮುಂದಿನ ಸಲ ಮಗು ತನಗೆ ಬರೆಯಲು ಬರುವ ಪದಗಳನ್ನಷ್ಟೇ ಬಳಸುತ್ತದೆ.

ಗೋಡೆಗೆ ಹಚ್ಚುವಾಗ ಕವಿತೆಯನ್ನು ಫೋಟೊ ಮೇಲೇ ಬರೆಯಬಹುದೆ?

ಬೇಡ, ಎರಡೂ ಓದಲಾಗದು. ಜಪಾನಿನಲ್ಲಿ ಚಿತ್ರದ ಜೊತೆ ಹಾಯ್ಕು ಬರೆಯುವ 'ಹೈಗ' ಎಂಬ ಹಳೆಯ ಪದ್ಧತಿಯಿದೆ. ಅಲ್ಲಿ ಅಕ್ಷರಕ್ಕೆಂದೇ ಖಾಲಿ ಜಾಗ ಬಿಡುತ್ತಾರೆ. ನಮ್ಮ ಫೋಟೊದಲ್ಲಿ ಆ ಜಾಗವಿಲ್ಲ. ಫೋಟೊ ಕೆಳಗೆ ಎರಡು ಬೆರಳು ಅಂತರ ಬಿಟ್ಟು ಅಂಟಿಸಿ. ಮೊದಲ ವಾರ ಕವಿತೆಯನ್ನಷ್ಟೇ ಹಚ್ಚಿ ಫೋಟೊ ಯಾವುದಿರಬಹುದು ಎಂದು ಬೇರೆ ತರಗತಿಯವರಿಂದ ಊಹೆ ಮಾಡಿಸಿದರೆ ಇನ್ನೂ ಚೆನ್ನ. ಎಲ್ಲರೂ ಸರಿಯಾಗಿ ಊಹಿಸಿದ ಕವಿತೆ ಫೋಟೊವನ್ನು ಬರೀ ವರ್ಣಿಸಿದೆ ಎಂದರ್ಥ. ಯಾರೂ ಊಹಿಸದಿದ್ದರೆ ಫೋಟೊ ಬಿಟ್ಟು ಎಲ್ಲಿಗೋ ಹೋಗಿದೆ. ನಾಲ್ಕರಲ್ಲಿ ಇಬ್ಬರು ಹೇಳಿದರೆ ಹದ.

ರಜೆಗೆ ಮೊದಲು ಬರೆಸಬೇಕೆ, ಆಮೇಲೆಯೆ?

ಆಮೇಲೆ, ಆದರೆ ಒಂದು ವಾರದೊಳಗೆ. ಮೊದಲೇ ಬರೆಸಿದರೆ ಹಬ್ಬ ಹೇಗಿರಬೇಕೋ ಹಾಗೆ ಬರೆಯುತ್ತಾರೆ, ಹೇಗಿತ್ತೋ ಹಾಗಲ್ಲ. ದಸರಾ ರಜೆ ಮುಗಿದು ಶಾಲೆ ತೆರೆದ ದಿನ ಅರ್ಧ ಮಕ್ಕಳು ಬಂದಿರುವುದಿಲ್ಲ, ಎರಡನೇ ಅಥವಾ ಮೂರನೇ ದಿನ ಇಟ್ಟುಕೊಳ್ಳಿ. ಹುತ್ತರಿ ಆದರೆ ಮರುದಿನವೂ ಬೇಡ, ರಾತ್ರಿ ನಿದ್ದೆಗೆಟ್ಟ ಮಕ್ಕಳು ಮೊದಲ 3 ನಿಮಿಷದ ಮೌನದಲ್ಲೇ ಬೆಂಚಿನ ಮೇಲೆ ತಲೆ ಇಡುತ್ತಾರೆ.